ನಡುಗುವ ಒತ್ತಕ್ಷರ

ಓದುವವರು ಅಕ್ಷರಕ್ಕೆ ಒಗ್ಗಿಕೊಳ್ಳುವ ಬದಲು ಅಕ್ಷರವೇ ಓದುವವರಿಗೆ ಒಗ್ಗಿಕೊಂಡರೆ ಹೇಗೆ?

ಧಾರವಾಡದ ಲಿಪಿ ಪ್ರಯೋಗಾಲಯದಲ್ಲಿ ಐದಾರು ಮಂದಿ ಸೇರಿ ಈ ಪ್ರಶ್ನೆ ಕೇಳಿಕೊಂಡಿದ್ದರು. ಉತ್ತರ ಸಿಕ್ಕು, ಅದು ಎಲ್ಲರ ಕೈ ಸೇರಿ ನಾಲ್ಕು ವರ್ಷವಾಗಿತ್ತು. ಈಗ ಯಾವ ಬ್ರೌಸರ್‌ನಲ್ಲಿ ಕನ್ನಡ ಪುಟ ತೆರೆದರೂ ಕಾಣುವುದು ಒಗ್ಗುಲಿಪಿ. ಪರದೆಯ ಮೇಲಂಚಿನ ಕ್ಯಾಮೆರಾ ಓದುವವರ ಕಣ್ಣನ್ನು ಗಮನಿಸುತ್ತದೆ. ಕಣ್ಣು ಎಲ್ಲಿ ತಡೆಯಿತು, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಿತು ಎಂಬುದಷ್ಟೇ ಅದಕ್ಕೆ ಬೇಕು. ತಡೆದ ಜಾಗದ ಅಕ್ಷರ ಮುಂದಿನ ಸಲ ಕೂದಲೆಳೆಯಷ್ಟು ಬದಲಾಗಿ ಬರುತ್ತದೆ. ಅಕ್ಷರದ ಸುಳಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಗೆರೆ ದಪ್ಪವಾಗುತ್ತದೆ, ಇಲ್ಲವೇ ಪಕ್ಕದ ಅಕ್ಷರ ತುಸು ದೂರ ಸರಿಯುತ್ತದೆ. ಬದಲಾವಣೆ ಓದುವವರಿಗೆ ಗೊತ್ತೇ ಆಗುವುದಿಲ್ಲ. ಓದು ಹಗುರವಾಯಿತು ಅನ್ನಿಸುತ್ತದೆ, ಅಷ್ಟೆ.

ಎರಡು ಮೂರು ವರ್ಷ ಕಳೆದ ಮೇಲೆ ಜನರಿಗೆ ಇನ್ನೊಂದು ಸಂಗತಿ ಅರಿವಾಯಿತು. ಒಬ್ಬರ ಫೋನಿನಲ್ಲಿ ಇನ್ನೊಬ್ಬರಿಗೆ ಸಲೀಸಾಗಿ ಓದಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಫೋನಿಗೆ ಇಣುಕುವ ಚಟ ತಾನಾಗಿಯೇ ನಿಂತುಹೋಯಿತು. ಗಂಡ ಹೆಂಡತಿ ಏನಾದರೂ ತೋರಿಸಬೇಕೆಂದರೆ ಓದಿ ಹೇಳುತ್ತಿದ್ದರು. ಇದನ್ನು ಯಾರೂ ದೊಡ್ಡ ತೊಂದರೆ ಎಂದುಕೊಳ್ಳಲಿಲ್ಲ.

ಪ್ರಯೋಗಾಲಯದಲ್ಲಿ ದೋಷ ಹುಡುಕುವ ವಿಭಾಗ ತೇಜಸ್ವಿನಿ ಕಮ್ಮಾರಳದು. ಅಕ್ಷರ ಒಡೆದು ಕಾಣುತ್ತದೆ, ಅಕ್ಷರದ ಬದಲು ಚೌಕಗಳು ಬರುತ್ತವೆ, ದೀರ್ಘ ಕಳಚಿ ಬೇರೆ ಕಡೆ ಬೀಳುತ್ತದೆ ಎಂದು ನಾಡಿನ ಮೂಲೆಮೂಲೆಯಿಂದ ಬರುವ ದೂರುಗಳನ್ನು ಅವಳು ನೋಡಬೇಕು. ಆದರೆ ಈ ದೂರು ಬಂದದ್ದು ಕಚೇರಿಗಲ್ಲ. ಭಾನುವಾರ ಬೆಳಿಗ್ಗೆ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಾಗ ಅಕ್ಕ ಕಸ್ತೂರಿ ಟ್ಯಾಬ್ ಹಿಡಿದುಕೊಂಡು ಬಂದಳು.

"ನಿಮ್ಮ ಒಗ್ಗುಲಿಪಿಗೆ ಏನಾಗೇತಿ ನೋಡು. ಅಕ್ಷರ ನಡಗಾಕತ್ತಾವ."

"ನಡಗಾಕತ್ತಾವ ಅಂದ್ರ?"

"ನಡಗಾಕತ್ತಾವ ಅಂದ್ರ ನಡಗಾಕತ್ತಾವ. ಚಳಿಜ್ವರ ಬಂದಂಗ. ಕೆಳಗ ಒತ್ತಕ್ಷರ ಇರತಾವಲ್ಲ, ಅವು ಮ್ಯಾಲ ಕೆಳಗ, ಮ್ಯಾಲ ಕೆಳಗ. ನೋಡಿ ನೋಡಿ ತಲಿ ತಿರಗತೈತಿ."

ಕಸ್ತೂರಿ ತಂಗಿಗಿಂತ ಹದಿನೇಳು ವರ್ಷ ದೊಡ್ಡವಳು. ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಔಷಧ ಉಗ್ರಾಣದ ಮೇಲ್ವಿಚಾರಕಿ. ತೇಜಸ್ವಿನಿ ಹೈಸ್ಕೂಲಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಮುಂದೆ ಮನೆ ನಡೆದದ್ದು, ತಂಗಿಯ ಓದು ಸಾಗಿದ್ದು ಕಸ್ತೂರಿಯ ಸಂಬಳದಲ್ಲಿ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ "ಪುರಸೊತ್ತ ಸಿಗಲಿಲ್ಲ" ಅನ್ನುತ್ತಿದ್ದಳು. ಮಾತು ಜೋರು, ನಡಿಗೆ ಜೋರು. ಯಾರಾದರೂ ನಿಧಾನ ಮಾಡಿದರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ತೇಜಸ್ವಿನಿ ಎಣ್ಣೆಗೈಯನ್ನು ಹಳೇ ಸೀರೆಯ ತುಂಡಿಗೆ ಒರೆಸಿಕೊಂಡು ಟ್ಯಾಬ್ ತೆಗೆದುಕೊಂಡಳು. ಕೈತಪ್ಪಿ ಪುಟದ ಅಳತೆ ಬದಲಾಗಿದೆಯೇ ಎಂದು ನೋಡಿದಳು; ಇರಲಿಲ್ಲ. ಬ್ರೌಸರ್ ಮುಚ್ಚಿ ತೆರೆದಳು. ಕೂಡಿಟ್ಟುಕೊಂಡಿದ್ದ ಹಳೆಯ ಪುಟಗಳನ್ನು ಅಳಿಸಿದಳು. ನಡುಕ ಹಾಗೆಯೇ ಇತ್ತು. ಇನ್ನುಳಿದದ್ದು ಒಂದೇ ಪರೀಕ್ಷೆ. ಒಗ್ಗುಲಿಪಿಯನ್ನು ತೆಗೆದು, ಶಾಲೆಯ ಪುಸ್ತಕಗಳಲ್ಲಿ ಇರುವಂಥ ಮೂಲಲಿಪಿಯಲ್ಲಿ ಅದೇ ಪುಟವನ್ನು ತೋರಿಸುವುದು. ನಡುಕ ನಿಂತರೆ ದೋಷ ಒಗ್ಗುಲಿಪಿಯಲ್ಲೇ ಇದೆ ಎಂದು ಲೆಕ್ಕ.

ಅಕ್ಷರಗಳು ತೆಪ್ಪಗೆ ನಿಂತವು. ಅದೊಂದು ಸುದ್ದಿಯ ಪುಟ. ಮೇಲೆ ಬಸ್ ನಿಲ್ದಾಣದ ಚಿತ್ರ, ಗೇಟಿನ ಮುಂದೆ ನಿಂತ ಜನ.

"ಈಗ ಹೆಂಗ ಕಾಣತಾವ?"

"ಹಾಂ, ಈಗ ಬರೋಬರಿ ಆತು."

"ಓದು ನೋಡೂಣು."

ಕಸ್ತೂರಿ ಟ್ಯಾಬ್ ಕಡೆ ಒಂದು ಕ್ಷಣ ನೋಡಿದಳು. "ಹೊಸ ಬಸ್ ನಿಲ್ದಾಣದ ಉದ್ಘಾಟನೆ," ಎಂದಳು.

ಪುಟದ ಮೇಲೆ ದಪ್ಪ ಅಕ್ಷರಗಳಲ್ಲಿ "ಬಸ್ ನಿಲ್ದಾಣಕ್ಕೆ ಬೀಗ: ಪ್ರಯಾಣಿಕರ ಪರದಾಟ" ಎಂದಿತ್ತು.

ತಮಾಷೆಗೆ ಹೇಳಿದಳೇನೋ ಎಂದು ತೇಜಸ್ವಿನಿ ತಲೆ ಎತ್ತಿದಳು. ಅಕ್ಕನ ಮುಖದಲ್ಲಿ ತಮಾಷೆ ಇರಲಿಲ್ಲ.

"ಮುಂದಿಂದು ಓದಕ್ಕಾ."

"ಏ, ಸಾಕ ಬಿಡು. ಒಲಿ ಮ್ಯಾಲ ಹಾಲು ಇಟ್ಟ ಬಂದೇನಿ," ಎಂದು ಟ್ಯಾಬ್ ಕಿತ್ತುಕೊಂಡವಳಂತೆ ತೆಗೆದುಕೊಂಡು ಕಸ್ತೂರಿ ಒಳಗೆ ಹೋದಳು.

ತೇಜಸ್ವಿನಿ ಹಿಂದೆಯೇ ಹೋಗಿ ನೋಡಿದಳು. ಒಲೆಯ ಮೇಲೆ ಹಾಲಿರಲಿಲ್ಲ.

ಇಡೀ ದಿನ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಕನ್ನಡಕದ ನಂಬರು ಬದಲಾಗಿರಬೇಕು ಎಂದುಕೊಂಡಳು. ಆದರೆ ನಂಬರು ಬದಲಾದವರು ಟ್ಯಾಬನ್ನು ದೂರ ಹಿಡಿಯುತ್ತಾರೆ, ಹತ್ತಿರ ತರುತ್ತಾರೆ, ಕಾಣುತ್ತಿಲ್ಲ ಎನ್ನುತ್ತಾರೆ. ಇವಳು ಕಾಣುತ್ತದೆ ಎಂದಳು. ಚಿತ್ರ ನೋಡಿ ತಲೆಬರಹ ಕಟ್ಟಿದಳು. ಸಂಜೆ ಅಕ್ಕನ ಹತ್ತಿರ, "ನಿನ್ನ ಓದುಗುರುತು ಲ್ಯಾಬಿಗೆ ಒಯ್ಯಲೇನು? ನಡುಕ ಯಾಕ ಬರತೈತಿ ನೋಡತೀನಿ," ಎಂದು ಕೇಳಿದಳು. ಒಬ್ಬೊಬ್ಬರಿಗೂ ಒಗ್ಗಿಕೊಂಡ ಅಕ್ಷರಗಳ ಅಳತೆಗಳನ್ನು ಕೂಡಿಟ್ಟದ್ದೇ ಓದುಗುರುತು.

"ಒಯ್ಯಿ. ಲಗೂನ ರಿಪೇರಿ ಮಾಡು, ಅಷ್ಟ," ಎಂದಳು ಕಸ್ತೂರಿ.

ಮರುದಿನ ಪ್ರಯೋಗಾಲಯದ ದೊಡ್ಡ ಪರದೆಗೆ ಆ ಓದುಗುರುತನ್ನು ಹಾಕಿದ ಕೂಡಲೇ ತೇಜಸ್ವಿನಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಟ್ಯಾಬಿನಲ್ಲಿ ಅವಳು ನಡುಕವನ್ನಷ್ಟೇ ಗಮನಿಸಿದ್ದಳು. ಅಕ್ಷರಗಳು ದೊಡ್ಡವಾಗಿರಲಿಲ್ಲ. ಒಂದಕ್ಕೊಂದು ಮುನಿಸಿಕೊಂಡಂತೆ ದೂರ ದೂರ ನಿಂತಿದ್ದವು. ಸಾಲಿಗೆ ಒಂದೇ ಪದ. ಒತ್ತಕ್ಷರಗಳಂತೂ ತಮ್ಮ ಅಕ್ಷರದ ಕೈಬಿಟ್ಟು ಎಷ್ಟೋ ಕೆಳಗೆ ಬಿದ್ದಿದ್ದವು. ಒಂದು ವಾಕ್ಯ ಓದಬೇಕಾದರೆ ಚೆಲ್ಲಿದ ಕಾಳು ಆರಿಸಿದಂತೆ ಒಂದೊಂದೇ ಅಕ್ಷರ ಆರಿಸಿಕೊಳ್ಳಬೇಕಾಗಿತ್ತು.

ನಡುಕದ ಕಾರಣ ಮಧ್ಯಾಹ್ನದೊಳಗೆ ಸಿಕ್ಕಿತು. ಕಣ್ಣು ತಡೆದಷ್ಟೂ ಒಗ್ಗುಲಿಪಿ ಒತ್ತಕ್ಷರವನ್ನು ಕೆಳಕ್ಕೆ ಎಳೆಯುತ್ತಿತ್ತು. ಅದು ಕೆಳಗಿನ ಸಾಲಿನ ಮೇಲೆ ಬೀಳಬಾರದೆಂದು ಬ್ರೌಸರ್ ಮೇಲಕ್ಕೆ ತಳ್ಳುತ್ತಿತ್ತು. ಎರಡು ನಿಯಮಗಳ ಜಗ್ಗಾಟದಲ್ಲಿ ಒತ್ತಕ್ಷರ ನಡುಗುತ್ತಿತ್ತು. ಅಕ್ಷರ ಇಷ್ಟು ದೂರ ಸರಿಯಬಹುದೆಂದು ಲಿಪಿ ಕಟ್ಟಿದವರು ಯಾರೂ ಎಣಿಸಿರಲಿಲ್ಲ.

ಇದೇ ನಡುಕದ ದೂರು ಬೇರೆ ಕಡೆಯಿಂದಲೂ ಬಂದಿದೆಯೇ ಎಂದು ಹುಡುಕಿದಳು. ಬಂದಿತ್ತು. ವಿಜಯಪುರದಿಂದ, ಕಾರವಾರದಿಂದ, ಮಂಡ್ಯದಿಂದ, ಹೆಸರೇ ಕೇಳದ ಊರುಗಳಿಂದ. ಓದುಗುರುತಿಗೆ ಹೆಸರು ವಿಳಾಸ ಇರುವುದಿಲ್ಲವಾದ್ದರಿಂದ ಯಾರವೆಂದು ತಿಳಿಯುವಂತಿರಲಿಲ್ಲ. ತಿಂಗಳಿಂದ ತಿಂಗಳಿಗೆ ಹೆಚ್ಚಾಗುತ್ತಿದ್ದವು ಎಂಬುದು ಮಾತ್ರ ಕಾಣುತ್ತಿತ್ತು.

ಪ್ರಯೋಗಾಲಯದ ಮುಖ್ಯಸ್ಥ ಪ್ರಾಣೇಶ ಗಲಗಲಿ ಬಂದು ಪರದೆಯ ಮುಂದೆ ನಿಂತರು. ಒಳ್ಳೆಯ ಮನುಷ್ಯ, ಒಗ್ಗುಲಿಪಿಯ ಮೊದಲ ಅಕ್ಷರ ಬರೆದವರಲ್ಲಿ ಒಬ್ಬರು.

"ಭಾಳ ಛಲೋ ಹಿಡದೀರಿ," ಎಂದರು. "ಇದಕ್ಕೇನು, ಒಂದು ಮಿತಿ ಹಾಕಿಬಿಡೋಣ. ಇಷ್ಟರ ಮ್ಯಾಲ ಅಕ್ಷರ ದೂರ ಹೋಗಂಗಿಲ್ಲ. ಬರೋ ಸೋಮವಾರದ ಪರಿಷ್ಕರಣದಾಗ ಎಲ್ಲಾರಿಗೂ ಹೋಗ್ತದ."

"ಆದ್ರ ಸರ್, ಈ ಅಕ್ಷರ ಯಾಕ ಇಷ್ಟು ದೂರ ಹೋದುವು?"

"ಕಣ್ಣು ಮಂದ ಆಗಿರಬೇಕು."

"ಕಣ್ಣು ಮಂದ ಆದವರ ಓದುಗುರುತು ನಾವು ಎಷ್ಟೋ ನೋಡೇವಿ. ಅಲ್ಲೆ ಅಕ್ಷರ ದೊಡ್ಡವು ಆಗತಾವು. ಇಲ್ಲೆ ಒಂದೂ ದೊಡ್ಡದಾಗಿಲ್ಲ."

ಗಲಗಲಿಯವರು ಪರದೆಗೆ ಇನ್ನಷ್ಟು ಹತ್ತಿರ ಬಾಗಿ ನೋಡಿದರು. ಅವರಿಗೂ ಗೊತ್ತಿರಲಿಲ್ಲ.

ಡಾಕ್ಟರ್ ಶಮೀಮ್ ಕಿತ್ತೂರ ಅವರು ನರರೋಗ ವೈದ್ಯೆ. ಒಗ್ಗುಲಿಪಿ ಕಟ್ಟುವ ಕಾಲದಲ್ಲಿ ಕಣ್ಣು ಮತ್ತು ಓದಿನ ಬಗ್ಗೆ ಸಲಹೆ ಕೊಟ್ಟವರು. ತೇಜಸ್ವಿನಿ ಅಂದೇ ಸಂಜೆ ಅವರ ದವಾಖಾನೆಗೆ ಹೋಗಿ, ಅಕ್ಕನ ಓದುಗುರುತಿನಲ್ಲಿ ತೆರೆದ ಪುಟವನ್ನು ತೋರಿಸಿದಳು. ಯಾರದೆಂದು ಹೇಳಲಿಲ್ಲ. ವೈದ್ಯೆ ಬಹಳ ಹೊತ್ತು ನೋಡಿದರು. ಬಳಿಕ ಪರದೆಯ ಮೇಲೆ ಬೆರಳಿಟ್ಟು ಎರಡು ಅಕ್ಷರಗಳ ನಡುವಿನ ಜಾಗವನ್ನು ತೋರಿಸಿದರು.

"ದೊಡ್ಡದು ಮಾಡಿಲ್ಲ ನೋಡ್ರಿ, ದೂರ ಮಾಡೇದ. ಈ ವ್ಯಕ್ತಿಗೆ ಒಂದ ಅಕ್ಷರ ಒಂಟಿಯಾಗಿ ಇದ್ರ ಕಾಣ್ತದ. ಪಕ್ಕಕ್ಕ ಇನ್ನೊಂದು ಬಂದ್ರ ಎರಡೂ ಕಲಸಿಹೋಗ್ತಾವ. ಕಣ್ಣು ಬರೋಬರಿ ಇರಬಹುದು. ಕಂಡದ್ದನ್ನ ಕೂಡಿಸೋದು ಮಿದುಳಿನ ಹಿಂಭಾಗ. ಅಲ್ಲಿ ಏನೋ ಸವೀಲಿಕತ್ತದ."

"ಸವಿಯೂದು ಅಂದ್ರ?"

"ಪರೀಕ್ಷಾ ಮಾಡದ ಹೇಳಬಾರದು. ಆದ್ರ ಇಂಥಾ ರೋಗಗಳವ. ಐವತ್ತರ ಆಚೀಚೆ ಶುರು ಆಗ್ತಾವ. ಮೊದಲ ಓದು ಹೋಗ್ತದ. ಆಮ್ಯಾಲ ಮೆಟ್ಟಿಲು, ಗಡಿಯಾರ, ಮುಖ..." ವೈದ್ಯೆ ಅಲ್ಲಿಗೆ ನಿಲ್ಲಿಸಿದರು. "ವಿಚಿತ್ರ ಏನಂದ್ರ, ಓದಲಿಕ್ಕೆ ಆಗವಲ್ದು ಅಂತ ಜನ ನನ್ನ ಕಡೆ ಬರ್ತಿದ್ರು. ಎರಡು ವರ್ಷ ಆತು, ಅಂಥವರು ಬರೋದ ಕಡಿಮಿ ಆಗೇದ. ರೋಗ ಕಡಿಮಿ ಆಗೇದ ಅಂತ ನಾ ತಿಳಕೊಂಡಿರಲಿಲ್ಲ, ಆದ್ರ ಯಾಕಂತ ಗೊತ್ತಿರಲಿಲ್ಲ. ಈಗ ಗೊತ್ತಾತು. ನಿಮ್ಮ ಅಕ್ಷರ ಅವರನ್ನ ಸಂಭಾಳಿಸಿಕೊಂಡ ಹೊಂಟಾವ. ಅವರಿಗೇ ಗೊತ್ತಾಗದಂಗ."

ತೇಜಸ್ವಿನಿ ಹೊರಗೆ ಬಂದು ಸ್ಕೂಟರಿನ ಕೀಲಿ ತಿರುಗಿಸಿ, ಮತ್ತೆ ಆರಿಸಿ, ಅಲ್ಲೇ ನಿಂತಳು. ಅಕ್ಕ ಈಚೆಗೆ ಪೇಪರು ಬಿಡಿಸಿದ್ದು ನೆನಪಾಯಿತು. ಮಸಿಯ ವಾಸನೆಗೆ ತಲೆನೋವು ಬರುತ್ತದೆ ಎಂದಿದ್ದಳು. ಅಂಗಡಿಯಲ್ಲಿ ಪೊಟ್ಟಣ ಕೊಂಡರೆ ಮೊದಲು ಅದರ ಫೋಟೊ ತೆಗೆಯುವ ರೂಢಿ ಮಾಡಿಕೊಂಡಿದ್ದಳು. ಫೋಟೊದಲ್ಲಿನ ಬರಹವನ್ನು ಟ್ಯಾಬ್ ಒಗ್ಗುಲಿಪಿಗೆ ತಿರುಗಿಸಿ ತೋರಿಸುತ್ತಿತ್ತು. ಆಸ್ಪತ್ರೆಯಲ್ಲಿ ಔಷಧದ ಶೀಶೆಗಳಿಗೆ ಅಂಟಿಸಿದ ಕನ್ನಡ ಚೀಟಿಗಳನ್ನೂ ಹಾಗೆಯೇ ನೋಡುತ್ತಿದ್ದಾಳೆಯೇ? ಆ ಯೋಚನೆ ಬಂದ ಮೇಲೆ ಅವಳಿಗೆ ಗಾಡಿಯನ್ನು ಎಷ್ಟು ಜೋರಾಗಿ ಓಡಿಸಿದರೂ ದಾರಿ ಸವೆಯಲಿಲ್ಲ.

ಮನೆಯಲ್ಲಿ ಕಸ್ತೂರಿ ಚಪಾತಿ ಲಟ್ಟಿಸುತ್ತಿದ್ದಳು. ತೇಜಸ್ವಿನಿ ಹೇಗೆ ಶುರುಮಾಡಬೇಕೆಂದು ತಿಳಿಯದೆ ನೇರವಾಗಿಯೇ ಹೇಳಿದಳು.

"ಅಕ್ಕಾ, ನಿನ್ನೆ ನೀ ಓದಿದ್ದು ಅಲ್ಲೆ ಬರದಿರಲಿಲ್ಲ."

ಲಟ್ಟಣಿಗೆ ನಿಲ್ಲಲಿಲ್ಲ. "ಅವಸರದಾಗ ಏನೋ ಓದಿದೆ."

"ಆಸ್ಪತ್ರ್ಯಾಗ ಶೀಶೆ ಮ್ಯಾಲಿನ ಚೀಟಿ ಹೆಂಗ ಓದತೀ?"

"ಇಪ್ಪತ್ತೆಂಟ ವರ್ಷ ಆತು ಆ ಶೀಶೆ ಮುಟ್ಟಾಕತ್ತಿ. ಕೈಗೆ ಗೊತ್ತಾಗತಾವು."

"ಫೋಟೊ ತಗೀತೀ ಹೌದಲ್ಲೋ?"

ಕಸ್ತೂರಿ ತಿರುಗಿದಳು. "ತಗೀತೀನಿ. ತಗದ್ರ ಏನಾತು? ನೀವ ಮಾಡಿದ್ದಲ್ಲೇನು ಅದು? ಒಂದ ದಿನ ತಪ್ಪ ಔಷಧ ಕೊಟ್ಟೇನೇನು? ನನ್ನ ಕೆಲಸಕ್ಕ ಕೈ ಹಚ್ಚಬ್ಯಾಡ ತೇಜೂ. ನಿನಗ ನಡಗೂ ಅಕ್ಷರ ಬರೋಬರಿ ಮಾಡು ಅಂದೆ, ನನ್ನ ತಪಾಸು ಮಾಡು ಅನ್ನಲಿಲ್ಲ."

"ಡಾಕ್ಟರ್ ಶಮೀಮ್ ಅವರಿಗೆ ತೋರಿಸಿದ್ದೆ..."

"ನನ್ನ ಕೇಳದ?"

"ಹೆಸರು ಹೇಳಲಿಲ್ಲ."

"ಹೆಸರು ಹೇಳಲಿಲ್ಲಂತ!" ಕಸ್ತೂರಿ ಹಂಚಿನ ಮೇಲಿನ ಚಪಾತಿಯನ್ನು ಬೆರಳಿಂದಲೇ ಕಿತ್ತು ಒಗೆದಳು. "ಉಣ್ಣು. ನನಗ ಹಸಿವಿಲ್ಲ."

ಮುಂದೆರಡು ದಿನ ಅಕ್ಕ ತಂಗಿ ಮಾತಾಡಲಿಲ್ಲ. ಕಚೇರಿಯಲ್ಲಿ ಮಿತಿ ಹಾಕುವ ಕೆಲಸ ನಡೆದಿತ್ತು. ತೇಜಸ್ವಿನಿ ಗಲಗಲಿಯವರ ಕೋಣೆಗೆ ಹೋಗಿ ವೈದ್ಯೆ ಹೇಳಿದ್ದನ್ನೆಲ್ಲ ವರದಿ ಮಾಡಿದಳು. ಮಿತಿ ಹಾಕಿದ ಬೆಳಿಗ್ಗೆ ಇಂಥ ಜನರೆಲ್ಲ ಏಕಾಏಕಿ ಓದಲಾರದೆ ಹೋಗುತ್ತಾರೆ ಎಂದಳು.

"ಹೋಗಲಿ," ಎಂದರು ಗಲಗಲಿಯವರು. ಕಟುವಾಗಿ ಅಲ್ಲ, ಯೋಚಿಸಿಯೇ. "ಅವರಿಗೆ ಗೊತ್ತಾಗೋದು ಛಲೋ ಅಲ್ಲೇನು? ಗೊತ್ತಾದ್ರ ಡಾಕ್ಟರ ಕಡೆ ಹೋಗ್ತಾರ."

"ಡಾಕ್ಟರ ಕಡೆ ಹೋಗೂದಿಲ್ಲ ಸರ್. ಫೋನ್ ಕೆಟ್ಟೈತಿ ಅಂತ ರಿಪೇರಿ ಅಂಗಡಿಗೆ ಹೋಗತಾರ."

"ಹಂಗಾದ್ರ ಏನ ಮಾಡೂಣು? ನಿಮಗ ರೋಗ ಅದ ಅಂತ ನಾವು ಹೇಳಬೇಕೇನು? ಕಣ್ಣು ನೋಡ್ತೀವಿ, ಬ್ಯಾರೆ ಏನೂ ತಿಳಕೊಳ್ಳೋದಿಲ್ಲ ಅಂತ ಜನಕ್ಕ ಮಾತು ಕೊಟ್ಟೀವಿ. ನಾಳೆ ನೌಕರಿ ಕೊಡಾವ್ರು, ವಿಮಾ ಕಂಪನಿಯವ್ರು ಬಂದು ಆ ಓದುಗುರುತು ನಮಗ ಕೊಡ್ರಿ ಅಂದ್ರ? ಹೆಸರಿಲ್ಲದಿದ್ರೂ ಯಾವ ಫೋನಂತ ಪತ್ತೆ ಹಚ್ಚಲಿಕ್ಕೆ ಎಷ್ಟೊತ್ತು? ಒಮ್ಮೆ ಬಾಗಲಾ ತಗದ್ರ ಮುಚ್ಚಲಿಕ್ಕೆ ಆಗಂಗಿಲ್ಲ, ತೇಜಸ್ವಿನಿಯವರ."

ಅವರ ಮಾತಿನಲ್ಲಿ ಹುರುಳಿತ್ತು. ಅದೇ ಅವಳನ್ನು ಇನ್ನಷ್ಟು ಕುದಿಸಿತು. ಮೇಜಿಗೆ ಬಂದು ಕೂತಳು, ಎದ್ದಳು, ನೀರು ಕುಡಿದಳು, ಮತ್ತೆ ಕೂತಳು. ಪರದೆಯ ಮೇಲೆ ಹೆಸರಿಲ್ಲದ ಓದುಗುರುತುಗಳು ಸಾಲಾಗಿದ್ದವು. ಅವುಗಳಲ್ಲಿ ಎಷ್ಟು ಮಂದಿ ಬಸ್ ಓಡಿಸುವವರು, ಎಷ್ಟು ಮಂದಿ ಶೀಶೆ ಹಿಡಿದವರು?

ಗುರುವಾರ ಮಧ್ಯಾಹ್ನ ಕಸ್ತೂರಿಯೇ ಫೋನ್ ಮಾಡಿದಳು. "ಮನೀಗೆ ಬರತೀ?" ಎಂದಷ್ಟೇ ಕೇಳಿದಳು. ಅವಳು ಹಗಲಿನಲ್ಲಿ ಹಾಗೆ ಕರೆದದ್ದೇ ಇಲ್ಲ.

ತೇಜಸ್ವಿನಿ ಬಂದಾಗ ಅಕ್ಕ ಆಸ್ಪತ್ರೆಯ ಸಮವಸ್ತ್ರದಲ್ಲಿಯೇ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು.

"ಮುಂಜಾನೆ ನೆಟ್ ಹೋಗಿತ್ತು," ಎಂದಳು. "ನಿಮ್ಮ ಲಿಪಿ ಇಳೀಲಿಲ್ಲ, ಟ್ಯಾಬಿನ್ಯಾಗ ಎಲ್ಲಾ ಮೂಲಲಿಪಿಗೆ ಬಂದು ನಿಂತಬಿಡ್ತು. ಅದ ಹೊತ್ತಿಗೆ ಮಕ್ಕಳ ವಾರ್ಡಿಂದ ಔಷಧ ಕೇಳಿ ಬಂದ್ರು. ಶೀಶೆ ಕೈಯಾಗ ಹಿಡಕೊಂಡ ನಿಂತೆ. ಅಕ್ಷರ ಎಲ್ಲಾ ಅದಾವ ತೇಜೂ. ಒಂದೂ ಹೋಗಿಲ್ಲ. ಆದ್ರ ಕೂಡವಲ್ಲವು. ಒಂದನ್ನ ಹಿಡದ್ರ ಇನ್ನೊಂದು ಜಾರಿ ಹೋಗತೈತಿ. ಒಂದ ಥರದ ಎರಡು ಶೀಶೆ ಇದ್ದುವು, ಒಂದು ಕೂಸಿಗೆ ಕೊಡೂದು, ಒಂದು ದೊಡ್ಡವರಿಗೆ. ಕೈಗೆ ಗೊತ್ತಾಗತಾವು ಅಂದಿದ್ದೆ ನೋಡು. ಗೊತ್ತಾಗಲಿಲ್ಲ."

"ಏನ್ ಮಾಡಿದಿ?"

"ಚಕ್ಕರ್ ಬಂದಂಗ ಆತು ಅಂತ ಸುಳ್ಳ ಹೇಳಿ ಕುಂತೆ. ಸಿಸ್ಟರ್ ಜೆಸಿಂತಾ ಬಂದು ಚೀಟಿ ಓದಿ ಕೊಟ್ಟಳು. ಕೂಸಿಗೆ ಏನೂ ಆಗಲಿಲ್ಲ. ಆದ್ರ ನನ್ನ ಕೈಯಾಗ ಯಾವ ಶೀಶೆ ಇತ್ತು ಗೊತ್ತೇನು? ದೊಡ್ಡವರಿಂದು."

ತೇಜಸ್ವಿನಿ ಅವಳ ಪಕ್ಕದಲ್ಲಿ ಕೂತಳು. ಕಸ್ತೂರಿ ಟ್ಯಾಬನ್ನು ಅವಳ ಮಡಿಲಿಗೆ ಹಾಕಿದಳು.

"ಆ ಒಗ್ಗುಲಿಪಿ ತಗದಬಿಡು. ಈಗ ನಾ ನೋಡಬೇಕು. ಎಷ್ಟರ ಮಟ್ಟಿಗೆ ಹೋಗೇತಿ ಅಂತ ನಾನ ನೋಡಬೇಕು."

"ಇವತ್ತ ಬ್ಯಾಡಕ್ಕಾ."

"ತಗಿ ಅಂದೆ."

ತೇಜಸ್ವಿನಿ ತೆಗೆದಳು. ಮೂಲಲಿಪಿಯಲ್ಲಿ ಅಡುಗೆಯ ಒಂದು ಪುಟ ನಿಂತಿತು. ಕಸ್ತೂರಿ ಬೆರಳನ್ನು ಮೊದಲ ಸಾಲಿಗೆ ಹಚ್ಚಿ ಒಂದೊಂದೇ ಅಕ್ಷರ ಹೇಳತೊಡಗಿದಳು. "ಬ... ದ... ನ..." ಅಲ್ಲಿಗೆ ನಿಂತಳು. ಮತ್ತೆ ಮೊದಲಿಂದ ಹೇಳಿದಳು. ನಾಲ್ಕನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ತಪ್ಪಿಹೋಗುತ್ತಿತ್ತು. ಬೆರಳು ಕೆಳಗಿನ ಸಾಲಿಗೆ ಜಾರಿತು, ಅವಳಿಗೆ ಅದು ತಿಳಿಯಲಿಲ್ಲ. ಎಂದೂ ನಿಧಾನ ಸಹಿಸದವಳು "ಬದನೆಕಾಯಿ" ಎಂಬ ಒಂದು ಪದದ ಮುಂದೆ ಅಷ್ಟು ಹೊತ್ತು ಕೂತಿದ್ದನ್ನು ತೇಜಸ್ವಿನಿಗೆ ನೋಡಲಾಗಲಿಲ್ಲ. ಅಕ್ಕ ಅಳಬಹುದು ಎಂದುಕೊಂಡಳು. ಕಸ್ತೂರಿ ಅಳಲಿಲ್ಲ.

"ಇಷ್ಟ ಆಗೇತೇನು," ಎಂದಳು, ಯಾರದೋ ಗಾಯ ನೋಡಿದ ನರ್ಸಿನಂತೆ. "ಹಚ್ಚು ಮತ್ತ. ಆ ಡಾಕ್ಟರಮ್ಮ ನಾಳೆ ಇರತಾರೇನು ಕೇಳು."

ಶುಕ್ರವಾರ ಪರೀಕ್ಷೆಗಳಾದವು. ವೈದ್ಯೆಯ ಅನುಮಾನ ನಿಜವಾಗಿತ್ತು. ಪೂರ್ತಿ ಗುಣವಾಗುವುದಲ್ಲ, ಆದರೆ ಬೇಗ ತಿಳಿದರೆ ನಿಧಾನ ಮಾಡಬಹುದು ಎಂದರು. ಎಷ್ಟು ವರ್ಷ ಎಂದು ಕಸ್ತೂರಿ ಕೇಳಿದಳು. ಹೇಳಲಾಗದು ಎಂದರು. ಅಲ್ಲಿಂದ ಕಸ್ತೂರಿ ತನ್ನ ಆಸ್ಪತ್ರೆಗೆ ಹೋಗಿ ಮೇಟ್ರನ್ ಎದುರು ಕೂತು ಎಲ್ಲವನ್ನೂ ತಾನೇ ಹೇಳಿದಳು. ಉಗ್ರಾಣದ ಕೀಲಿಗೊಂಚಲನ್ನು ಸಿಸ್ಟರ್ ಜೆಸಿಂತಾ ಕೈಗೆ ಕೊಟ್ಟಳು. ಕೀಲಿ ತೆಗೆದುಕೊಳ್ಳಲು ಜೆಸಿಂತಾ ಹಿಂದೆಮುಂದೆ ನೋಡಿದಾಗ, "ಹಿಡಿ, ನನಗ ಕೈ ನೋಯಾಕತ್ತೈತಿ," ಎಂದು ಗದರಿದಳಂತೆ.

ಬರುವ ದಾರಿಯಲ್ಲಿ ತೇಜಸ್ವಿನಿ ಸೋಮವಾರದ ಮಿತಿಯ ವಿಷಯ ಹೇಳಿದಳು. ಹಿಂದೆ ಕೂತಿದ್ದ ಕಸ್ತೂರಿ ಅವಳ ಹೆಗಲು ಬಿಗಿಯಾಗಿ ಹಿಡಿದಳು.

"ಅಂದ್ರ ಸೋಮವಾರದಿಂದ ನನಗ ಟ್ಯಾಬಿನ್ಯಾಗೂ ಓದಾಕ ಬರೂದಿಲ್ಲ?"

"ಹೂಂ."

"ನಾನು ಬಿಡು, ನನಗ ಗೊತ್ತಾತು. ಗೊತ್ತಿಲ್ಲದವರು? ಗಾಡಿ ತಿರಗಸು. ನಿಮ್ಮ ಸಾಹೇಬರ ಕಡೆ ನಡಿ."

ಪ್ರಯೋಗಾಲಯಕ್ಕೆ ಅವಳು ಬಂದದ್ದು ಅದೇ ಮೊದಲು. ಗಲಗಲಿಯವರು ಎದ್ದು ನಿಂತು ಕುರ್ಚಿ ತೋರಿಸಿದರು. ಕಸ್ತೂರಿ ಕೂರಲಿಲ್ಲ.

"ಸಾಹೇಬರ, ಆ ನಡಗೂ ಅಕ್ಷರ ನನ್ನವು," ಎಂದಳು. "ನೀವು ಎರಡು ವರ್ಷ ನನ್ನ ಕೈ ಹಿಡದ ನಡಸೀರಿ. ಅದು ನನಗ ಗೊತ್ತಾಗಲಿಲ್ಲ, ಅದು ನಿಮ್ಮ ತಪ್ಪು. ಈಗ ಗೊತ್ತ ಮಾಡಸದ ಕೈ ಬಿಟ್ಟರ ಅದು ಇನ್ನೂ ದೊಡ್ಡ ತಪ್ಪು."

"ಹೇಳಲಿಕ್ಕೆ ನಮಗ ಹಕ್ಕಿಲ್ಲ ಅಕ್ಕಾರ. ಯಾರ ಓದುಗುರುತು ಏನ ಹೇಳ್ತದ ಅಂತ ನಾವು ತಿಳಕೊಳ್ಳಬಾರದು."

ತೇಜಸ್ವಿನಿಗೆ ಆ ಮಾತಿನಲ್ಲಿಯೇ ದಾರಿ ಕಂಡಿತು.

"ನಾವು ತಿಳಕೊಳ್ಳೂದ ಬ್ಯಾಡ ಸರ್," ಎಂದಳು. "ಅವರ ಫೋನ್ ತಿಳಕೊಳ್ಳಲಿ. ಅಕ್ಷರ ದೊಡ್ಡದಾಗದ ಬರೇ ದೂರ ಆಗಾಕತ್ತಿದ್ರ, ಅಲ್ಲೇ, ಆ ಫೋನಿನ್ಯಾಗ, ಒಂದು ಮಾತು ಕಾಣಸಲಿ. ಅವರದ ಅಕ್ಷರದಾಗ. ಪಕ್ಕದಾಗ ಕುಂತವರಿಗೂ ಓದಾಕ ಬರೂದಿಲ್ಲ. ನಮ್ಮ ಕಡೆಗೆ ಏನೂ ಬರೂದಿಲ್ಲ. ಆಮ್ಯಾಲ ಆ ದೂರಿನ ಜೊತಿ ಬಂದ ಓದುಗುರುತುಗಳನ್ನೂ ನಮ್ಮ ಕಡೆಯಿಂದ ಅಳಿಸಿಬಿಡೂಣು. ಯಾರ ಬಂದು ಕೇಳಿದ್ರೂ ಕೊಡಾಕ ಏನೂ ಇರಬಾರದು."

"ನಡುಕ?"

"ಸಾಲಿನ ನಡುವ ಜಾಗ ಹೆಚ್ಚ ಮಾಡಿದ್ರ ನಿಲ್ಲತೈತಿ. ಮಿತಿ ಬೇಕಾಗಿಲ್ಲ."

ಗಲಗಲಿಯವರು ಕಿಟಕಿಯ ಬಳಿ ಹೋಗಿ ಹೊರಗೆ ನೋಡುತ್ತ ನಿಂತರು. ಅವರಿಗೆ ಸಮಾಧಾನವಾಗಿರಲಿಲ್ಲ. ಒಂದು ತಪ್ಪು ಎಚ್ಚರಿಕೆ ಹೋದರೆ ಏನೂ ಇಲ್ಲದವರು ಹೆದರಿ ಸಾಯುತ್ತಾರೆ ಎಂದರು. ಡಾಕ್ಟರ್ ಶಮೀಮ್ ಅವರಿಗೆ ಫೋನ್ ಹಚ್ಚಿ ಬಹಳ ಹೊತ್ತು ವಾದಿಸಿದರು. ಕೊನೆಗೆ ತೇಜಸ್ವಿನಿಯ ಕಡೆ ತಿರುಗಿ, "ಏನ ಬರೀತೀರಿ? ಮೊದಲ ಅದನ್ನ ಬರದ ತೋರಸ್ರಿ," ಎಂದರು.

ಅದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಶನಿವಾರ, ಭಾನುವಾರ ಮೂವರೂ ಅದಕ್ಕೇ ಕೂತರು. ಮೊದಲು ಬರೆದದ್ದು ಕಾನೂನಿನ ಕಾಗದದಂತಿತ್ತು. ಅದನ್ನು ಅಕ್ಕನ ಓದುಗುರುತಿಗೆ ಹಾಕಿ ತೋರಿಸಿದರು. ಕಸ್ತೂರಿ ಎರಡನೆಯ ಸಾಲಿಗೇ ಸುಸ್ತಾದಳು.

"ಒತ್ತಕ್ಷರ ತಗೀರಿ," ಎಂದಳು. "ಒತ್ತು ಬಂದಲ್ಲೆಲ್ಲ ನಾ ಬೀಳಾಕತ್ತೇನಿ. ಎಲ್ಲಾರೂ ಅಲ್ಲೇ ಬೀಳತಾರ."

ಒಂದೊಂದು ಪದವನ್ನೂ ಒತ್ತಿಲ್ಲದ ಪದಕ್ಕೆ ಬದಲಿಸುತ್ತ ಹೋದರು. "ಇರುತ್ತದೆ" ಹೋಗಿ "ಉಳಿಯಲಿದೆ" ಬಂತು. "ನಿಮಗೆ ಮಾತ್ರ" ಎಂಬುದಕ್ಕೆ ಗಲಗಲಿಯವರೇ "ಬೇರೆ ಯಾರಿಗೂ ಕಾಣದು" ಎಂದು ಹುಡುಕಿಕೊಟ್ಟರು. ಕೊನೆಗೆ ಉಳಿದದ್ದು ಇಷ್ಟು:

"ನೀವು ಓದುವ ರೀತಿ ಬದಲಾಗಿದೆ. ಕಾರಣ ಮಿದುಳಿನದು ಇರಬಹುದು. ನರರೋಗದ ಡಾಕ್ಟರಿಗೆ ತೋರಿಸಿ. ಇದು ಬೇರೆ ಯಾರಿಗೂ ಕಾಣದು. ನಿಮಗಾಗಿ ಬದಲಾದ ಲಿಪಿ ಹಾಗೆಯೇ ಉಳಿಯಲಿದೆ. ಮಾತಾಡಬೇಕಾದರೆ ಈ ನಂಬರಿಗೆ ಕರೆ ಮಾಡಿ."

"ಡಾಕ್ಟರ್ ಅನ್ನೂದರಾಗ ಒತ್ತು ಐತಲ್ಲ," ಎಂದಳು ತೇಜಸ್ವಿನಿ.

"ಇರಲಿ. ದವಾಖಾನಿ ಬೋರ್ಡ್ ಮ್ಯಾಲ ನೋಡಿ ನೋಡಿ ಅದರ ಆಕಾರ ಎಲ್ಲಾರಿಗೂ ಗೊತ್ತಿರತೈತಿ," ಎಂದಳು ಕಸ್ತೂರಿ.

ಸೋಮವಾರ ಬೆಳಿಗ್ಗೆ ಪರಿಷ್ಕರಣ ಹೋಯಿತು. ನಿಯಂತ್ರಣ ಕೊಠಡಿಯಲ್ಲಿ ಪರದೆಗಳೆಲ್ಲ ಹಸಿರಾಗಿದ್ದವು. ಎಲ್ಲ ಸರಿಯಾಗಿದೆ ಎಂದು ಅರ್ಥ. ಯಾರ ಫೋನಿನಲ್ಲಿ ಆ ಮಾತು ಕಂಡಿತು, ಯಾರು ಓದಿದರು, ಯಾರು ಹೆದರಿದರು ಎಂದು ತಿಳಿಯುವ ದಾರಿಯನ್ನು ಅವರೇ ಮುಚ್ಚಿದ್ದರು. ತೇಜಸ್ವಿನಿ ಪರದೆಯಿಂದ ಪರದೆಗೆ ಅಡ್ಡಾಡಿದಳು. ನಾವು ಮಾಡಿದ್ದು ಸರಿಯೇ? ಯಾವುದೋ ಊರಿನಲ್ಲಿ ಒಬ್ಬರು ಒಬ್ಬರೇ ಕೂತು ಅದನ್ನು ಓದುತ್ತಿದ್ದರೆ? ಗಲಗಲಿಯವರು ಚಹಾ ತರಿಸಿದರು, ಕುಡಿಯುವುದನ್ನು ಮರೆತರು.

ಕರೆ ತೆಗೆದುಕೊಳ್ಳಲು ವೈದ್ಯೆಯ ದವಾಖಾನೆಯಿಂದ ಇಬ್ಬರು ಬರುತ್ತೇವೆಂದಿದ್ದರು, ಇನ್ನೂ ಬಂದಿರಲಿಲ್ಲ. ಕಸ್ತೂರಿ ತಂಗಿಯ ಜೊತೆ ಬಂದವಳು ಮೂಲೆಯ ಕುರ್ಚಿಯಲ್ಲಿ ಟ್ಯಾಬ್ ಹಿಡಿದು ಕೂತಿದ್ದಳು. ಅವಳ ಟ್ಯಾಬಿಗೂ ಆ ಮಾತು ಬಂತು. ಬರೆಯಲು ತಾನೇ ಕೂತಿದ್ದರೂ, ಯಾರೋ ತನಗೇ ಕಳಿಸಿದ ಸುದ್ದಿಯೆಂಬಂತೆ ಸಾಲು ಸಾಲಾಗಿ, ತುಟಿಯಾಡಿಸುತ್ತ ಓದಿದಳು. ಅಕ್ಷರಗಳು ನಡುಗಲಿಲ್ಲ. ಓದಿ ಮುಗಿಸಿ ಟ್ಯಾಬನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು.

ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ತೇಜಸ್ವಿನಿ, ಗಲಗಲಿಯವರು ಇಬ್ಬರೂ ಅದರ ಕಡೆ ನೋಡಿದರು. ಇಬ್ಬರ ಕೈಯೂ ಮುಂದಕ್ಕೆ ಹೋಗಲಿಲ್ಲ. ಕಸ್ತೂರಿ ಎದ್ದು ಬಂದು ಎತ್ತಿದಳು.

"ಹೇಳ್ರಿ."

ಆ ಕಡೆ ಒಂದು ಗಂಡುದನಿ. ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ ಬಹಳ ಮೆಲ್ಲಗೆ ಮಾತಾಡುತ್ತಿತ್ತು. "ನಾ ಇಲ್ಲೆ ಸಾಲಿ ಮಾಸ್ತರ ಇದ್ದೀನ್ರಿ. ನನ್ನ ಫೋನಿನ್ಯಾಗ ಏನೋ ಬಂದೈತ್ರಿ. ಮಿದುಳು ಅಂತ ಐತಿ. ಇದು... ಎಲ್ಲಾರಿಗೂ ಬಂದೈತೋ, ಇಲ್ಲಾ ನನಗಷ್ಟ ಬಂದೈತೋ?"

ಕಸ್ತೂರಿ ಕಾಲಿನಿಂದ ಕುರ್ಚಿ ಎಳೆದುಕೊಂಡು ಕೂತಳು. ಜೀವಮಾನದಲ್ಲಿ ಯಾರಿಗೂ ನಿಧಾನವಾಗಿ ಮಾತಾಡದವಳು, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಆಡಿದಳು.

"ಎಲ್ಲಾರಿಗೂ ಬಂದಿಲ್ರಿ ಮಾಸ್ತರ. ನಿಮಗ ಬಂದೈತಿ, ನನಗೂ ಬಂದೈತಿ. ಕುಂದ್ರಿ ಮೊದಲ. ಕುಂತೀರಿ? ಈಗ ಹೇಳ್ರಿ, ಯಾವಾಗಿಂದ ಪುಸ್ತಕ ನೋಡದ ಪಾಠಾ ಬಾಯಿಲೇ ಹೇಳಾಕತ್ತೀರಿ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಅವರು ಹೇಳತೊಡಗಿದರು.